ಹಳೆಯ ಬೆಂಜ್‌ಗೆ ಐದು ಗೇರಿನ ಆಟೊಮ್ಯಾಟಿಕ್: ಕರಾವಳಿ ಮತ್ತು ಘಟ್ಟದವರಿಗೊಂದು ಮಾರ್ಗದರ್ಶಿ

ಡಬ್ಲ್ಯು 124 ಸರಣಿಯ ಆರು ಸಿಲಿಂಡರಿನ ಮರ್ಸಿಡಿಸ್ ಬೆಂಜ್ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 300 ಇ, 300 ಇ-24, ಇ 320 ಮೂರೂ ಇದರಲ್ಲಿ ಸೇರುತ್ತವೆ. ಕೊಲ್ಲಿಯಿಂದ ಮರಳಿದವರು ತಂದ ಇಂಥ ಕಾರುಗಳು ಭಟ್ಕಳದಿಂದ ಕಾರವಾರದವರೆಗೆ ಅಲ್ಲೊಂದು ಇಲ್ಲೊಂದು ಇನ್ನೂ ಓಡುತ್ತಿವೆ. ಶಿರಸಿಯ ಕಡೆ ಅಡಿಕೆ ತೋಟದ ಮನೆಗಳಲ್ಲಿಯೂ ಕೆಲವು ನಿಂತಿವೆ. ಎಂಜಿನ್ ಮಟ್ಟಿಗೆ ಇವು ಇಂದಿಗೂ ತಲೆಬಾಗುವ ಕಾರುಗಳಲ್ಲ. ಇ 320ರ 3.2 ಲೀಟರ್ ಎಂಜಿನ್ 220 ಅಶ್ವಶಕ್ತಿ ಮತ್ತು 310 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಸಾಮಾನ್ಯವಾಗಿ ಮೊದಲು ಸೋಲುವುದು ಅದರ ಹಿಂದಿರುವ ನಾಲ್ಕು ಗೇರಿನ 722.3 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರ ಜಾಗದಲ್ಲಿ 1996ರಿಂದ ಬಂದ ಐದು ಗೇರಿನ, ವಿದ್ಯುನ್ಮಾನ ನಿಯಂತ್ರಣದ 722.6 ಕೂರಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಈ ಕೆಲಸದಲ್ಲಿ ಗೇರ್‌ಬಾಕ್ಸ್ ಎತ್ತಿ ಕೂರಿಸುವ ಭಾಗ ತೀರ ಚಿಕ್ಕದು. ಅಳತೆ, ವೈರಿಂಗ್ ಮತ್ತು ಎಣ್ಣೆಯ ಶಾಖ, ಈ ಮೂರರಲ್ಲೇ ಕೆಲಸ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಆದ್ದರಿಂದ ಸಮಯವನ್ನೂ ಹಣವನ್ನೂ ಅಲ್ಲಿಗೇ ಮೀಸಲಿಡಿ.

ಹಳೆಯದು ನಿಜಕ್ಕೂ ಸತ್ತಿದೆಯೇ?

ಕೊಳ್ಳುವ ಮುನ್ನ ಇರುವ 722.3 ಅನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ. ಕಾರು ಹಿಮ್ಮುಖವಾಗಿ ಸರಿಯಾಗಿ ಚಲಿಸುತ್ತದೆ, ಮುಂದಕ್ಕೆ ಮಾತ್ರ ಹೋಗುವುದಿಲ್ಲ ಎಂದಾದರೆ ಮುಂದಿನ ಗೇರುಗಳನ್ನು ಹಿಡಿಯುವ ಬಿ-2 ಬ್ಯಾಂಡಿನ ಪಿಸ್ಟನ್ ಒಡೆದಿರುವ ಸಾಧ್ಯತೆ ಹೆಚ್ಚು. ಅದನ್ನು ಗೇರ್‌ಬಾಕ್ಸ್ ಇಳಿಸದೆಯೇ ಬದಲಿಸಬಹುದು. ಎಣ್ಣೆ ಕಡಿಮೆಯಾಗುತ್ತಿದೆ, ಕೆಳಗೆ ಸೋರಿಕೆ ಇಲ್ಲ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದೆ ಎಂದಾದರೆ ವ್ಯಾಕ್ಯೂಮ್ ಮಾಡ್ಯುಲೇಟರಿನ ಪೊರೆ ಹರಿದು ಎಂಜಿನ್ ಆ ಎಣ್ಣೆಯನ್ನು ಹೀರುತ್ತಿದೆ ಎಂದು ಅರ್ಥ. ಗೇರು ತಡವಾಗಿ ಅಥವಾ ಗುದ್ದಿ ಬೀಳುತ್ತಿದ್ದರೆ ಥ್ರಾಟಲ್‌ನಿಂದ ಬರುವ ಒತ್ತಡದ ಕೇಬಲನ್ನು ಸರಿಹೊಂದಿಸಿದರೆ ಸಾಕಾಗಬಹುದು. ಇವು ಸಣ್ಣ ಖರ್ಚಿನ ರಿಪೇರಿಗಳು. ಕ್ಲಚ್ ಪ್ಲೇಟುಗಳು ಸುಟ್ಟು ಎಣ್ಣೆ ಕಪ್ಪಾಗಿ ಸೀದ ವಾಸನೆ ಬರುತ್ತಿದ್ದರೆ, ಹಿಮ್ಮುಖವೂ ಹೋಗಿದ್ದರೆ ಬದಲಾವಣೆಯ ಮಾತು ಶುರುವಾಗಲಿ.

ಅಂಕಿ ಏನು ಹೇಳುತ್ತದೆ

722.3ರ ಗೇರು ಅನುಪಾತಗಳು (ಹಿಂದಿನ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಅಂಕಿ) 3.87, 2.25, 1.44 ಮತ್ತು 1.00. 722.6ರಲ್ಲಿ ಎರಡು ಬಗೆಗಳಿವೆ. ದೊಡ್ಡದು ಡಬ್ಲ್ಯು5ಎ580, ಅದರ ಅನುಪಾತ 3.59, 2.19, 1.41, 1.00, 0.83. ಚಿಕ್ಕದು ಡಬ್ಲ್ಯು5ಎ330, ಅದರದ್ದು 3.93, 2.41, 1.49, 1.00, 0.83. ಹೆಸರಿನ ಕೊನೆಯ ಅಂಕಿ ಅದು ತಡೆದುಕೊಳ್ಳಬಲ್ಲ ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿ ಸೂಚಿಸುತ್ತದೆ.

ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಐದು ಗೇರು ಬಂದರೆ ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲಿ ಕಾರು ಹಾರಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ನಿಜವಲ್ಲ. ಘಟ್ಟದ ತಿರುವುಗಳಲ್ಲಿ ನಾವು ಬಳಸುವುದು ಎರಡು ಮತ್ತು ಮೂರನೆಯ ಗೇರು. ಅಲ್ಲಿ ಹೊಸದಕ್ಕೂ ಹಳೆಯದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಲಾಭ ಬೇರೆ ಎರಡು ಕಡೆ ಇದೆ. ಮೊದಲನೆಯದು ಐದನೆಯ ಗೇರು. 3.07ರ ಡಿಫರೆನ್ಷಿಯಲ್ ಮತ್ತು 195/65 ಆರ್ 15 ಟೈರು ಇರುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಳೆಯ ನಾಲ್ಕನೆಯ ಗೇರಿನಲ್ಲಿ ಸುಮಾರು 2,650 ಸುತ್ತು ತಿರುಗುತ್ತದೆ, 0.83ರಲ್ಲಿ ಅದು ಸುಮಾರು 2,200ಕ್ಕೆ ಇಳಿಯುತ್ತದೆ. ಕಾರವಾರದಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಿಸುವವರಿಗೆ ಇದು ಪೆಟ್ರೋಲಿನಲ್ಲಿಯೂ ಕಿವಿಗೂ ಗೊತ್ತಾಗುತ್ತದೆ. ಎರಡನೆಯದು ಟಾರ್ಕ್ ಕನ್ವರ್ಟರಿನೊಳಗಿನ, ಅಂದರೆ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗದೊಳಗಿನ, ಲಾಕಪ್ ಕ್ಲಚ್. ಮೂರು, ನಾಲ್ಕು ಮತ್ತು ಐದನೆಯ ಗೇರುಗಳಲ್ಲಿ ಅದು ಕನ್ವರ್ಟರಿನ ಜಾರಿಕೆಯನ್ನು ಕಡಿಮೆ ಮಾಡುತ್ತದೆ. ಜಾರಿಕೆ ಕಡಿಮೆಯಾದಷ್ಟೂ ಎಣ್ಣೆ ತಣ್ಣಗಿರುತ್ತದೆ. ಘಟ್ಟದಲ್ಲಿ ಸಿಗುವ ಉಪಕಾರ ಇದೇ.

ಮಾರ್ಪಾಡಿಲ್ಲದ ಎಂಜಿನ್ ಇದ್ದು ಮಲೆನಾಡಿನಲ್ಲೇ ಹೆಚ್ಚು ಓಡಿಸುವುದಾದರೆ 330 ಸಾಕು. ಅದರ ಮೊದಲೆರಡು ಗೇರು ಕೊಂಚ ಹೆಚ್ಚು ಎಳೆತ ಕೊಡುತ್ತವೆ. ಟರ್ಬೊ ಸೇರಿಸುವ ಯೋಚನೆ ಇದ್ದರೆ 580 ಹೊರತು ಬೇರೆ ದಾರಿ ಇಲ್ಲ.

ಕಾಗದಪತ್ರ

ಕೆಲಸಕ್ಕೆ ಕೈ ಹಾಕುವ ಮೊದಲು ನಿಮ್ಮ ಸಾರಿಗೆ ಕಚೇರಿಗೆ, ಅಂದರೆ ಕಾರವಾರ, ಶಿರಸಿ ಅಥವಾ ಹೊನ್ನಾವರಕ್ಕೆ, ಲಿಖಿತವಾಗಿ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಗೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಓದಿದೆ. ವಿಮಾ ಕಂಪನಿಗೂ ಪತ್ರ ಬರೆಯಿರಿ. ಹಳೆಯ ಗೇರ್‌ಬಾಕ್ಸನ್ನು ಮಾರಬೇಡಿ, ಒಣಗಿದ ಜಾಗದಲ್ಲಿ ಸುತ್ತಿ ಇಡಿ.

ಗುಜರಿಯಲ್ಲಿ ಕೊಳ್ಳುವಾಗ

ಮುಂಬೈನ ಕುರ್ಲಾ, ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟ್ಟೈ ಕಡೆ ಹಳೆಯ ಬೆಂಜ್ ಸಾಮಾನು ಸಿಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಫೋನಿನಲ್ಲೇ ವ್ಯವಹಾರ ಮುಗಿಸುವ ಆಸೆ ಸಹಜ. ಆದರೆ ಈ ವಸ್ತುವನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ.

ಗೇರ್‌ಬಾಕ್ಸಿನ ಎಡಬದಿಯಲ್ಲಿ, ಎಣ್ಣೆಯ ತಟ್ಟೆಯ ಅಂಚಿನ ಮೇಲೆ, ಸಂಖ್ಯೆ ಕೆತ್ತಿರುತ್ತದೆ. ಅದು 722.6ರಿಂದಲೇ ಶುರುವಾಗಬೇಕು. 722.5 ಎಂಬುದೂ ಐದು ಗೇರಿನದೇ, ಆರು ಸಿಲಿಂಡರಿನ ಕಾರುಗಳಲ್ಲೇ ಬಂದದ್ದು. ಅದು ಹಳೆಯ ಹೈಡ್ರಾಲಿಕ್ ವಂಶದ್ದು, ನಾಜೂಕಾದದ್ದು. ‘ಐದು ಗೇರಿನ ಬೆಂಜ್ ಆಟೊಮ್ಯಾಟಿಕ್’ ಎಂದಷ್ಟೇ ಹೇಳಿ ಕೇಳಿದರೆ ಅದೇ ನಿಮ್ಮ ಮನೆಗೆ ಬರಬಹುದು.

ಮುಂದಿನದು ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿಗೆ ಬೋಲ್ಟಾಗುವ ಗೇರ್‌ಬಾಕ್ಸಿನ ಮುಂಭಾಗದ ಕವಚ. ಆರೂ ಸಿಲಿಂಡರು ಒಂದೇ ಸಾಲಿನಲ್ಲಿರುವ ನಮ್ಮ ಸಾಲು-ಆರು ಎಂಜಿನ್ನು ಕಾರಿನಲ್ಲಿ 15 ಡಿಗ್ರಿ ಓರೆಯಾಗಿ ಕೂರುತ್ತದೆ, ಬೋಲ್ಟುಗಳ ವಿನ್ಯಾಸವೂ ಅದಕ್ಕೆ ತಕ್ಕಂತಿದೆ. ವಿ-6 ಮತ್ತು ವಿ-8 ಕಾರಿನಿಂದ ಬಂದ 722.6 ನೇರವಾಗಿ ಹೊಂದುವುದಿಲ್ಲ. ಎಂ 104 (ನಮ್ಮ ಇ 320ರಲ್ಲಿರುವ ಸಾಲು-ಆರು) ಎಂಜಿನ್ ಇದ್ದ ಕಾರಿನದು ಸಿಕ್ಕಿದರೆ ಅರ್ಧ ತಲೆನೋವು ಕಡಿಮೆ: 1996ರ ನಂತರದ ಎಸ್ 320, ಅಥವಾ ಡಬ್ಲ್ಯು 210 ಸರಣಿಯ ಆರಂಭದ ಇ 320. ಸಿಗದಿದ್ದರೆ ಬೇರೆ 722.6 ಕೊಂಡು ಸಾಲು-ಆರರ ಬೆಲ್ ಹೌಸಿಂಗನ್ನು ಅದಕ್ಕೆ ವರ್ಗಾಯಿಸಬಹುದು, ಏಕೆಂದರೆ ಅದು ಪ್ರತ್ಯೇಕ ಭಾಗ. ಹಾಗೆ ಮಾಡುವಾಗ ಮುಂದಿನ ಪಂಪಿನ ಸೀಲುಗಳನ್ನೂ ಹೊಸದಾಗಿ ಹಾಕಿ. ರೆಕ್ಸ್‌ಟನ್‌ನಂಥ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿಯೂ ಇದೇ ವಂಶದ ಗೇರ್‌ಬಾಕ್ಸ್ ಇದೆ, ಆದರೆ ಹಿಂಭಾಗದ ರಚನೆಯೇ ಬೇರೆ. ಅಗ್ಗ ಎಂದು ಅದನ್ನು ತರಬೇಡಿ.

ಗೇರ್‌ಬಾಕ್ಸ್ ಒಂದನ್ನೇ ತಂದರೆ ಸಾಲದು. ಅದರದೇ ಟಾರ್ಕ್ ಕನ್ವರ್ಟರ್, 13 ಪಿನ್ನಿನ ಕನೆಕ್ಟರಿನ ಎರಡೂ ಬದಿ ಮತ್ತು ಒಂದಷ್ಟು ಉದ್ದದ ವೈರು, ಗೇರ್ ಲಿವರಿನ ಜೋಡಣೆ, ಎಣ್ಣೆಯ ಕೊಳವೆಗಳ ತುದಿಗಳು, ಹಿಂದಿನ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ತುಂಡು, ಇಷ್ಟೂ ಒಂದೇ ಕಾರಿನಿಂದ ಬರಲಿ. ಅಲ್ಲೇ ತಟ್ಟೆ ಬಿಚ್ಚಿಸಿ ನೋಡಿ. ಆಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಕೆಸರಿದ್ದರೆ ಅದು ಸಹಜ. ಲೋಹದ ಚೂರು ಕಂಡರೆ ಕೈಬಿಡಿ. ಎಣ್ಣೆ ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರಿನ ನೀರು ಬೆರೆತಿದೆ. ನೀರು ಮತ್ತು ಗ್ಲೈಕಾಲ್ ಸೇರಿದಾಗ ಕ್ಲಚ್ ಪ್ಲೇಟಿನ ಕಾಗದದಂಥ ಪದರ ಕಿತ್ತುಬರುತ್ತದೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ.

ಇ 220 ಪೆಟ್ರೋಲ್ ಕಾರಿನವರಿಗೂ ಒಂದು ಮಾತು. ನಿಮ್ಮ ಎಂಜಿನ್ ಎಂ 111 ವಂಶದ್ದು. ಡಬ್ಲ್ಯು 210ರ ಇ 230 ಅದೇ ವಂಶದ ಎಂಜಿನ್ನಿನ ಕಾರು, ಆದ್ದರಿಂದ ಅಲ್ಲಿಂದ ಹುಡುಕಾಟ ಆರಂಭಿಸಿ.

ಕೂರಿಸುವ ಮುನ್ನ ಮಾಡಿ ಮುಗಿಸಬೇಕಾದದ್ದು

ತಟ್ಟೆ ಬಿಚ್ಚಿದಾಗಲೇ ಒಳಗಿನ ಕಂಡಕ್ಟರ್ ಪ್ಲೇಟನ್ನು (ವಿದ್ಯುತ್ ಸಂಪರ್ಕಗಳ ಫಲಕ) ಬದಲಿಸಿ. ಎನ್-2 ಮತ್ತು ಎನ್-3 ಎಂಬ ಎರಡು ವೇಗ ಸಂವೇದಕಗಳು ಅದರಲ್ಲೇ ಇವೆ, ಅವು ಸಾಯುವುದು ಮಾಮೂಲು. 13 ಪಿನ್ನಿನ ಕನೆಕ್ಟರ್ ಕೂರುವ ಪ್ಲಾಸ್ಟಿಕ್ ಬುಷ್ ಮತ್ತು ಅದರ ಒ-ರಿಂಗುಗಳನ್ನು ಕಡ್ಡಾಯವಾಗಿ ಹೊಸದು ಹಾಕಿ. ಬೆಲೆಯಲ್ಲಿ ಅದು ಏನೂ ಅಲ್ಲ. ಆದರೆ ಅಲ್ಲಿಂದ ಸೋರುವ ಎಣ್ಣೆ ವೈರಿನೊಳಗೇ ಏರುತ್ತ ಹೋಗಿ ನಿಯಂತ್ರಕ ಪೆಟ್ಟಿಗೆಯನ್ನು ತಲುಪುತ್ತದೆ. ಕಾರವಾರದ ಉಪ್ಪುಗಾಳಿಯಲ್ಲಿ ಮೊದಲೇ ಹಸಿರುಗಟ್ಟುವ ಪಿನ್ನುಗಳಿಗೆ ಇದೂ ಸೇರಿದರೆ ಮುಂದೆ ದೋಷ ಹುಡುಕುವವರಿಗೆ ದಿಕ್ಕೇ ತೋಚುವುದಿಲ್ಲ. ಫಿಲ್ಟರು, ತಟ್ಟೆಯ ಗ್ಯಾಸ್ಕೆಟ್ಟು, ಮುಂದಿನ ಮತ್ತು ಹಿಂದಿನ ಸೀಲುಗಳನ್ನೂ ಬದಲಿಸಿ. ತಟ್ಟೆಯ ಬೋಲ್ಟುಗಳಿಗೆ 8 ನ್ಯೂಟನ್ ಮೀಟರ್ ಮಾತ್ರ; ಬಲ ಪ್ರದರ್ಶನಕ್ಕೆ ಅದು ಜಾಗವಲ್ಲ.

ಇವನ್ನೆಲ್ಲ ಮಳೆಗಾಲದಲ್ಲಿ ಮಾಡಬೇಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ, ಧೂಳಿಲ್ಲದ ಮುಚ್ಚಿದ ಕೋಣೆಯಲ್ಲಿ, ನೂಲು ಬಿಡದ ಬಟ್ಟೆ ಹಿಡಿದು ಮಾಡಿ. ಎಣ್ಣೆಯನ್ನು ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಯಲ್ಲಿ ಒಂದು ನೂಲಿನ ಎಳೆ ಸಿಕ್ಕಿಕೊಂಡರೂ ಗೇರು ಬೀಳದು.

ಎಂಜಿನ್ನಿನ ಹಿಂದಿನ, ಅದನ್ನು ಕನ್ವರ್ಟರಿಗೆ ಜೋಡಿಸುವ ಫ್ಲೆಕ್ಸ್ ಪ್ಲೇಟಿನ ಬಗ್ಗೆ ನಿಧಾನವಾಗಿ ಯೋಚಿಸಿ. ಕನ್ವರ್ಟರಿನ ಬೋಲ್ಟುಗಳಿಗೆ ಹೊಂದುವುದು ಒಂದು ಅಗತ್ಯ. ಕ್ರ್ಯಾಂಕ್ ಸಂವೇದಕ ಓದುವ ಗುರುತುಗಳು ನಿಮ್ಮ ಎಂಜಿನ್ನಿನವೇ ಆಗಿರಬೇಕು ಎಂಬುದು ಅದಕ್ಕಿಂತ ಮುಖ್ಯ. ಹಳೆಯ 300 ಇ ಕಾರಿನ ಇಗ್ನಿಷನ್ ಅಲ್ಲಿನ ಕೆಲವೇ ಉಬ್ಬುಗಳನ್ನು ನೋಡಿ ಕಿಡಿ ಕೊಡುತ್ತದೆ; ನಂತರದ ಕಾರಿನ ಪ್ಲೇಟು ಹಾಕಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಎರಡೂ ಪ್ಲೇಟುಗಳನ್ನು ಒಂದರ ಮೇಲೊಂದಿಟ್ಟು ಬೋಲ್ಟಿನ ತೂತು, ಗುರುತು, ಆಳ ಮೂರನ್ನೂ ಹೋಲಿಸಿ. ತೂತು ಕೊರೆಯಬೇಕಾಗಿ ಬಂದರೆ ಒಳ್ಳೆಯ ಲೇತ್ ಅಂಗಡಿಯಲ್ಲೇ ಮಾಡಿಸಿ, ಮತ್ತೆ ಬ್ಯಾಲೆನ್ಸ್ ಮಾಡಿಸಿ.

ಇಳಿಸುವುದು, ಏರಿಸುವುದು

ಗುಂಡಿಯ ಮೇಲೆ ಅಥವಾ ಲಿಫ್ಟಿನಲ್ಲಿ ಮಾತ್ರ ಈ ಕೆಲಸ ಮಾಡಿ. ಕಲ್ಲು, ಮರದ ತುಂಡು, ಒಂಟಿ ಜ್ಯಾಕಿನ ಮೇಲೆ ನಿಲ್ಲಿಸಿದ ಕಾರಿನಡಿ ಯಾರೂ ಹೋಗಬಾರದು. ಬ್ಯಾಟರಿ ಕಳಚಿ. ಸೈಲೆನ್ಸರು, ಪ್ರೊಪೆಲ್ಲರ್ ಶಾಫ್ಟ್, ಎಣ್ಣೆಯ ಕೊಳವೆಗಳು, ಸ್ಟಾರ್ಟರ್ ಹೊರಬರಲಿ. ಕನ್ವರ್ಟರಿನ ಬೋಲ್ಟುಗಳನ್ನು ಎಂಜಿನ್ ತಿರುಗಿಸುತ್ತ ಒಂದೊಂದಾಗಿ ಬಿಚ್ಚಿ. ಗೇರ್‌ಬಾಕ್ಸ್ ಮತ್ತು ಕನ್ವರ್ಟರ್ ಒಟ್ಟಿಗೇ ಇಳಿಯಬೇಕು.

ಹೊಸದನ್ನು ಏರಿಸುವಾಗ ಕನ್ವರ್ಟರ್ ಪೂರ್ತಿ ಒಳಗೆ ಕೂತಿದೆಯೇ ಎಂಬ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು. ಅದರ ಕೊರಳು ಎಣ್ಣೆಯ ಪಂಪಿನ ಹಲ್ಲಿನೊಳಗೆ ಸೇರಿರಬೇಕು. ಬೆಲ್ ಹೌಸಿಂಗ್ ಎಂಜಿನ್ನಿಗೆ ತಾನಾಗಿ ಚಪ್ಪಟೆಯಾಗಿ ತಾಗಬೇಕು, ಆ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಬೋಲ್ಟು ಹಾಕಲು ಅದನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಎಳೆಯುವಂತಿರಬೇಕು. ಸಂದಿ ಮುಚ್ಚಲು ಬೋಲ್ಟಿನ ಬಲ ಬೇಕಾಯಿತು ಎಂದರೆ ನಿಲ್ಲಿಸಿ, ಹೊರಗೆ ತೆಗೆಯಿರಿ. ಬಿಗಿದೇ ಬಿಟ್ಟರೆ ಪಂಪ್ ಒಡೆಯುತ್ತದೆ.

ಹಿಂದಿನ ಅಡ್ಡ ಪಟ್ಟಿಯ ಜಾಗ ಬದಲಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ತುಂಡಿನ ಉದ್ದವೂ ಬದಲಾಗುತ್ತದೆ. ಗೇರ್‌ಬಾಕ್ಸ್ ತನ್ನ ಕೊನೆಯ ಜಾಗದಲ್ಲಿ ಕೂತ ಮೇಲಷ್ಟೇ ಅಳೆಯಿರಿ. ಬೇರೆ ಯಾರದೋ ಕಾರಿನ ಅಳತೆ ನಂಬಿ ಶಾಫ್ಟ್ ಕತ್ತರಿಸಬೇಡಿ. ರಬ್ಬರಿನ ಫ್ಲೆಕ್ಸ್ ಡಿಸ್ಕಿನ ಬೋಲ್ಟುಗಳ ದಪ್ಪವೂ ಎರಡೂ ಬದಿಗೆ ಒಂದೇ ಇದೆಯೇ ನೋಡಿ. ಬೆಸುಗೆ ಹಾಕಿದ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಲು ಹುಬ್ಬಳ್ಳಿಗೋ ಮಂಗಳೂರಿಗೋ ಕಳುಹಿಸಬೇಕಾಗಬಹುದು. ಆ ಪ್ರಯಾಣವನ್ನು ಉಳಿಸಲು ಹೋಗಬೇಡಿ. ಬ್ಯಾಲೆನ್ಸ್ ಇಲ್ಲದ ಶಾಫ್ಟ್ ನಡುವಿನ ಬೇರಿಂಗನ್ನೂ ಹೊಸ ಸೀಲನ್ನೂ ತಿಂದುಹಾಕುತ್ತದೆ.

722.3ಕ್ಕೆ ಬೇಕಿದ್ದ ಥ್ರಾಟಲ್ ಒತ್ತಡದ ಕೇಬಲ್ ಮತ್ತು ವ್ಯಾಕ್ಯೂಮ್ ಕೊಳವೆ ಹೊಸದಕ್ಕೆ ಬೇಡ. ಎಂಜಿನ್ ಬದಿಯ ವ್ಯಾಕ್ಯೂಮ್ ಬಾಯನ್ನು ಸರಿಯಾಗಿ ಮುಚ್ಚಿ, ಇಲ್ಲವಾದರೆ ಎಂಜಿನ್ ಐಡ್ಲಿಂಗಿನಲ್ಲಿ ಏರಿಳಿಯುತ್ತದೆ.

ವೈರಿಂಗ್

ಹೆಚ್ಚಿನ ಪ್ರಯತ್ನಗಳು ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ. 722.6ರೊಳಗೆ ಆರು ಸೊಲೆನಾಯ್ಡುಗಳಿವೆ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟಗಳು): ಮೂರು ಗೇರು ಬದಲಿಸಲು, ಎರಡು ಒತ್ತಡ ನಿಯಂತ್ರಿಸಲು, ಒಂದು ಲಾಕಪ್ ಕ್ಲಚ್‌ಗೆ. ಮೂಲ ಕಾರಿನಲ್ಲಿ ಇವನ್ನು ಆಳುವ ಪೆಟ್ಟಿಗೆ ಎಂಜಿನ್, ಬ್ರೇಕು, ಗೇರ್ ಲಿವರುಗಳಿಂದ ಕ್ಯಾನ್ ಎಂಬ, ಕಾರಿನ ನಿಯಂತ್ರಕ ಪೆಟ್ಟಿಗೆಗಳ ನಡುವಿನ ಮಾಹಿತಿ ಜಾಲದ ಮೂಲಕ ಮಾಹಿತಿ ಪಡೆಯುತ್ತದೆ. ನಮ್ಮ ಹಳೆಯ ಕಾರಿನಲ್ಲಿ ಅದಕ್ಕೆ ಬೇಕಾದ ಮಾಹಿತಿಯನ್ನು ಒದಗಿಸುವ ಅಂಥ ಜಾಲ ಇಲ್ಲ. ಹೀಗಾಗಿ ಆ ಪೆಟ್ಟಿಗೆ ತಂದು ಕೂರಿಸಿದರೆ ಪ್ರಯೋಜನವಿಲ್ಲ. 722.6ಕ್ಕೆಂದೇ ಮಾಡಿದ ಸ್ವತಂತ್ರ ನಿಯಂತ್ರಕ ಬೇಕು. ಸಿದ್ಧವಾಗಿ ಮಾರುವವರಿದ್ದಾರೆ, ವಿನ್ಯಾಸ ಮತ್ತು ತಂತ್ರಾಂಶ ಎರಡನ್ನೂ ಮುಕ್ತವಾಗಿ ಹಂಚಿರುವ ಯೋಜನೆಗಳೂ ಇವೆ. ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯರಿಲ್ಲದಿದ್ದರೆ ಸಿದ್ಧವಾದದ್ದನ್ನೇ ಕೊಳ್ಳಿ.

ನಿಯಂತ್ರಕಕ್ಕೆ ಮುಖ್ಯವಾಗಿ ಬೇಕಾದದ್ದು ಎಂಜಿನ್ನಿನ ಸುತ್ತು, ಥ್ರಾಟಲ್ ಎಷ್ಟು ತೆರೆದಿದೆ ಎಂಬುದು, ಲಿವರಿನ ಸ್ಥಾನ, ಬ್ರೇಕ್ ಸ್ವಿಚ್ಚು. ಕೆಲವು ನಿಯಂತ್ರಕಗಳು ಚಕ್ರ ಅಥವಾ ಶಾಫ್ಟಿನ ವೇಗವನ್ನೂ ಕೇಳುತ್ತವೆ. ಥ್ರಾಟಲಿನ ಸಂಕೇತ ನಡುಗದಂತೆ ನೋಡಿಕೊಳ್ಳಿ. ಗೇರು ಹಿತವಾಗಿ ಬೀಳುವುದು ಅದರ ಮೇಲೆಯೇ ನಿಂತಿದೆ. ಎನ್-2, ಎನ್-3 ಸಂವೇದಕಗಳಿಗೆ 6 ವೋಲ್ಟ್ ಕೊಡಬೇಕು. ಸೊಲೆನಾಯ್ಡಿನ 12 ವೋಲ್ಟ್ ತಪ್ಪಿ ಅಲ್ಲಿಗೆ ಹೋದರೆ ಹೊಸ ಕಂಡಕ್ಟರ್ ಪ್ಲೇಟ್ ಸುಟ್ಟಿತು. ಕನೆಕ್ಟರ್ ಸಿಕ್ಕಿಸುವ ಮೊದಲು ಪ್ರತಿ ಪಿನ್ನನ್ನೂ ಮಲ್ಟಿಮೀಟರಿನಲ್ಲಿ ನೋಡಿ, ಕಾಗದದಲ್ಲಿ ಬರೆದು, ಇನ್ನೊಬ್ಬರಿಂದ ಓದಿಸಿ.

ಎಣ್ಣೆಯ ತಾಪಮಾನದ ಸಂವೇದಕ ಪಾರ್ಕ್-ನ್ಯೂಟ್ರಲ್ ಸಂಪರ್ಕದೊಡನೆ ಸಾಲಾಗಿ ಜೋಡಣೆಯಾಗಿದೆ. ಹಾಗಾಗಿ ಪಿ ಮತ್ತು ಎನ್ ಸ್ಥಾನದಲ್ಲಿ ತಾಪಮಾನ ಕಾಣಿಸದು. ಅದನ್ನು ದೋಷ ಎಂದು ತಿಳಿದು ಮತ್ತೆ ತಟ್ಟೆ ಬಿಚ್ಚಬೇಡಿ.

ಹಳೆಯ ಗೇರ್‌ಬಾಕ್ಸಿನ ಪಕ್ಕದಲ್ಲಿದ್ದ ಸ್ವಿಚ್ಚು ಸ್ಟಾರ್ಟರಿನ ತಡೆ ಮತ್ತು ಹಿಮ್ಮುಖದ ದೀಪ ಎರಡನ್ನೂ ನೋಡಿಕೊಳ್ಳುತ್ತಿತ್ತು. ಹೊಸದರಲ್ಲಿ ಅದಿಲ್ಲ. ಲಿವರಿನ ಬಳಿ ಸ್ವಿಚ್ಚು ಅಥವಾ ರಿಲೇ ಇಟ್ಟು ಎರಡನ್ನೂ ಮತ್ತೆ ಕಟ್ಟಿ. ಸ್ಟಾರ್ಟರಿನ ತಡೆಯನ್ನು ನೇರ ವೈರಿನಿಂದ ದಾಟಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಗೇರಿನಲ್ಲಿರುವ ಕಾರು ಕೀಲಿ ತಿರುಗಿಸಿದೊಡನೆ ಅಂಗಳದಲ್ಲಿ ಆಡುವ ಮಗುವಿನತ್ತ ಹಾರಬಾರದು.

ಸ್ಪೀಡೊಮೀಟರನ್ನು ಮರೆಯುವವರೇ ಹೆಚ್ಚು. ಡಬ್ಲ್ಯು 124ರ ಮೀಟರು ಗೇರ್‌ಬಾಕ್ಸಿನಿಂದ ಬರುವ ಕೇಬಲಿನಿಂದ ತಿರುಗುತ್ತದೆ, 722.6ರಲ್ಲಿ ಆ ಕೇಬಲಿಗೆ ಜಾಗವೇ ಇಲ್ಲ. ಸಂಕೇತ ಓದಿ ಕೇಬಲನ್ನು ತಿರುಗಿಸುವ ಸಣ್ಣ ಮೋಟಾರಿನ ಪೆಟ್ಟಿಗೆ ಹಾಕಿಸಿದರೆ ಮೂಲ ಮೀಟರೂ ಕಿಲೋಮೀಟರ್ ಎಣಿಕೆಯೂ ಉಳಿಯುತ್ತವೆ.

ನಿಯಂತ್ರಕವನ್ನು ಕಾರಿನೊಳಗೆ, ಎತ್ತರದಲ್ಲಿ ಕೂರಿಸಿ. ಮುಂದಿನ ಸೀಟಿನ ಕಾಲಡಿಯ ಮ್ಯಾಟಿನ ಕೆಳಗೆ ಬೇಡ. ನಮ್ಮ ಮುಂಗಾರಿನ ನಾಲ್ಕು ತಿಂಗಳಲ್ಲಿ ಹಳೆಯ ಕಾರಿನೊಳಗೆ ಮೊದಲು ನೀರು ನಿಲ್ಲುವ ಜಾಗ ಅದು. ಅರ್ತ್ ತುದಿಗಳನ್ನು ಉಜ್ಜಿ, ಬಿಗಿದು, ಮೇಲೆ ಗ್ರೀಸು ಹಚ್ಚಿ.

ಎಣ್ಣೆ ಮತ್ತು ಶಾಖ

ಗ್ಯಾರೇಜಿನಲ್ಲಿರುವ ಸಾಮಾನ್ಯ ಡೆಕ್ಸ್‌ರಾನ್ ಎಣ್ಣೆ 722.3ಕ್ಕೆ ಸರಿ, 722.6ಕ್ಕೆ ಬೇಡ. ಬೆಂಜ್ 236.14 ದರ್ಜೆಯದ್ದನ್ನೇ ತನ್ನಿ. ಕನ್ವರ್ಟರ್ ಸೇರಿ ಪೂರ್ತಿ ಖಾಲಿ ಇದ್ದರೆ 8ರಿಂದ 9 ಲೀಟರ್ ಹಿಡಿಯುತ್ತದೆ. ಮೊದಲು 4 ಲೀಟರ್ ಹಾಕಿ, ಎಂಜಿನ್ ಚಾಲೂ ಮಾಡಿ, ಪಂಪ್ ಎಳೆದುಕೊಂಡಂತೆ ಉಳಿದದ್ದನ್ನು ಸೇರಿಸುತ್ತ ಬನ್ನಿ. ಈ ಗೇರ್‌ಬಾಕ್ಸಿನ ಕೊಳವೆಗೆ ಮುಚ್ಚಳ ಮಾತ್ರ ಇದೆ, ಅಳತೆ ಕಡ್ಡಿ ಇಲ್ಲ. ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಎಣ್ಣೆ 80 ಡಿಗ್ರಿಗೆ ಬಂದ ಮೇಲೆ, ಸಮತಟ್ಟಾದ ನೆಲದಲ್ಲಿ, ಪಿ ಸ್ಥಾನದಲ್ಲಿ, ಎಂಜಿನ್ ಓಡುತ್ತಿರುವಾಗ ನೋಡಿದ ಮಟ್ಟವೇ ನಿಜವಾದ ಮಟ್ಟ.

ಹಳೆಯ ಗೇರ್‌ಬಾಕ್ಸಿನ ಕೊಳಕು ರೇಡಿಯೇಟರಿನೊಳಗಿನ ಕೂಲರಿನಲ್ಲಿ ಉಳಿದಿರುತ್ತದೆ. ಅದನ್ನು ತೊಳೆಯದೆ ಜೋಡಿಸಿದರೆ ಹೊಸದಕ್ಕೂ ಅದೇ ಗತಿ. ಮೂವತ್ತು ವರ್ಷದ ರೇಡಿಯೇಟರ್ ಆದರೆ ಅದನ್ನೇ ಬದಲಿಸಿ. ಜೊತೆಗೆ ಎ.ಸಿ. ಕಂಡೆನ್ಸರಿನ ಮುಂದೆ ಒಂದು ಹೊರಗಿನ ಎಣ್ಣೆ ಕೂಲರ್ ಇರಲಿ. ಮೈದಾನದವರಿಗೆ ಇದು ಐಚ್ಛಿಕ; ಏಪ್ರಿಲ್ ತಿಂಗಳ ಮಧ್ಯಾಹ್ನ ಅರಬೈಲು ಘಟ್ಟದಲ್ಲಿ ಅದಿರು, ಮರಳು ಹೊತ್ತ ಲಾರಿಗಳ ಹಿಂದೆ ತೆವಳಬೇಕಾದ ನಮಗೆ ಅಗತ್ಯ. ನಿಧಾನ ವೇಗದಲ್ಲಿ ಲಾಕಪ್ ಕ್ಲಚ್ ತೆರೆದಿರುತ್ತದೆ, ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಶಾಖವೆಲ್ಲ ಎಣ್ಣೆಗೆ ಹೋಗುತ್ತದೆ. ಕೊಳವೆಗೆ ಎಣ್ಣೆಯ ಒತ್ತಡ ತಾಳುವ ಹೋಸ್ ಬಳಸಿ. ಪೆಟ್ರೋಲಿನ ಸಾಮಾನ್ಯ ಪೈಪು ಸಾಲದು.

ರಸ್ತೆಗೆ

ಮೊದಲು ಹಿಂದಿನ ಚಕ್ರಗಳನ್ನು ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಎಲ್ಲ ಗೇರು ಬೀಳುತ್ತಿವೆಯೇ ನೋಡಿ. ಆಮೇಲೆ ಅಂಕೋಲಾ–ಕುಮಟಾ ನಡುವಿನ ಸಪಾಟು ರಸ್ತೆಯಲ್ಲಿ, ಬೆಳಗಿನ ಜಾವ, ಹಗುರವಾದ ಪೆಡಲಿನಲ್ಲಿ ಓಡಿಸಿ. ನಿಯಂತ್ರಕ ಪ್ರತಿ ಕ್ಲಚ್ಚಿಗೆ ಬೇಕಾದ ಒತ್ತಡವನ್ನು ಕಲಿಯಲು ಸಮಯ ಬೇಕು. ಮೊದಲ ದಿನದ ಗುದ್ದು ನೋಡಿ ಒತ್ತಡದ ಅಂಕಿಗಳನ್ನು ಮನಬಂದಂತೆ ತಿದ್ದಬೇಡಿ. ಗೇರುಗಳ ನಡುವೆ ಎಂಜಿನ್ ಒಮ್ಮೆಲೇ ಅಬ್ಬರಿಸಿ ಏರಿದರೆ ಮಾತ್ರ ನಿಲ್ಲಿಸಿ, ಏಕೆಂದರೆ ಅಲ್ಲಿ ಕ್ಲಚ್ ಸುಡುತ್ತಿದೆ. ಸಪಾಟಿನಲ್ಲಿ ಎಲ್ಲ ಸರಿ ಎನಿಸಿದ ಮೇಲೆ, ದೇವಿಮನೆಯಲ್ಲಿ ಸಂಚಾರ ತೆರೆದಿದೆಯೇ ಎಂದು ವಿಚಾರಿಸಿಕೊಂಡು, ಘಟ್ಟ ಹತ್ತಿ. ತಾಪಮಾನ 80ರಿಂದ 95ರೊಳಗಿದ್ದರೆ ಸಂತೋಷ. 120 ಮುಟ್ಟಿದರೆ ಬದಿಗೆ ನಿಲ್ಲಿಸಿ, ನ್ಯೂಟ್ರಲಿನಲ್ಲಿ ಎಂಜಿನ್ ಓಡಲು ಬಿಡಿ. ಇಳಿಯುವಾಗ ಲಿವರನ್ನು 3 ಅಥವಾ 2ಕ್ಕೆ ತಂದು ಎಂಜಿನ್ನಿನಿಂದಲೇ ವೇಗ ತಡೆಯಿರಿ. ಡಿ ಸ್ಥಾನದಲ್ಲೇ ಬಿಟ್ಟು ಬ್ರೇಕು ತುಳಿಯುತ್ತ ಬಂದರೆ ಕೆಳಗಿನ ತಿರುವುಗಳಲ್ಲಿ ಬ್ರೇಕು ಕಾದಿರುತ್ತದೆ. ಸುಮಾರು 1,000 ಕಿ.ಮೀ. ನಂತರ ಎಣ್ಣೆ ಮತ್ತು ಫಿಲ್ಟರನ್ನು ಇನ್ನೊಮ್ಮೆ ಬದಲಿಸಿ.

ಘಟ್ಟದ ನಡುವೆ ವೈರಿಂಗ್ ಕೈಕೊಟ್ಟರೆ ಏನು ಮಾಡಬೇಕೆಂಬುದು ಕಾರಿನಲ್ಲಿ ಕೂರುವ ಎಲ್ಲರಿಗೂ ಗೊತ್ತಿರಲಿ. ವಿದ್ಯುತ್ ಪೂರ್ತಿ ಹೋದರೂ 722.6 ತನ್ನೊಳಗಿನ ಎಣ್ಣೆಯ ಒತ್ತಡದಿಂದಲೇ ಎರಡನೆಯ ಗೇರು ಮತ್ತು ಹಿಮ್ಮುಖವನ್ನು ಕೊಡುತ್ತದೆ. ಕಾರು ನಿಲ್ಲಿಸಿ, ಪಿಗೆ ತಂದು, ಎಂಜಿನ್ ಆರಿಸಿ, ಹತ್ತು ಸೆಕೆಂಡಿಗಿಂತ ಹೆಚ್ಚು ಕಾದು ಮತ್ತೆ ಚಾಲೂ ಮಾಡಿ ಡಿಗೆ ಹಾಕಿದರೆ ಎರಡನೆಯ ಗೇರಿನಲ್ಲಿ ನಿಧಾನವಾಗಿ ಶಿರಸಿ ಸೇರಬಹುದು. ಎಂಜಿನ್ನೇ ಚಾಲೂ ಆಗದಿದ್ದರೆ ತಳ್ಳಿ ಚಾಲೂ ಮಾಡುವ ಪ್ರಯತ್ನ ಬೇಡ. ಎಂಜಿನ್ ತಿರುಗದೆ ಎಣ್ಣೆಯ ಪಂಪೂ ತಿರುಗುವುದಿಲ್ಲ. ಎಳೆದುಕೊಂಡು ಹೋಗುವುದಾದರೆ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿಸಿ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ. ಅದಕ್ಕೆ ಬೇಕಾದ ಪಾನಾ ಸದಾ ಡಿಕ್ಕಿಯಲ್ಲೇ ಇರಲಿ.